ಎರಡು ಗೂಟ ಕಾದ ಜಟ್ಟು

ಹೊಳೆಯ ಬಾಯಿಗೆ ಅಡ್ಡ ಬಲೆ ಕಟ್ಟಿದ್ದು ತಪ್ಪು. ಕಟ್ಟಿದವನು ಪರಮಯ್ಯ. ಅವನು ಗುತ್ತಿಗೆ ಹಿಡಿದದ್ದು ಗಜನಿಯನ್ನು, ಅಂದರೆ ಉಪ್ಪುನೀರು ನುಗ್ಗುವ ದಡದ ತಗ್ಗು ಗದ್ದೆಯನ್ನು. ಹೊಳೆಯನ್ನಲ್ಲ. ಹೊಳೆ ಯಾರಪ್ಪನ ಆಸ್ತಿಯೂ ಅಲ್ಲ. ಆದರೂ ಈ ದಡಕ್ಕೊಂದು ಗೂಟ, ಆ ದಡಕ್ಕೊಂದು ಗೂಟ ಹೊಡೆದು ಸೊಳ್ಳೆಪರದೆಯಂಥ ಬಲೆ ಬಿಗಿದ. ಮಾಘದ ಚಳಿ ಮುರಿಯುವ ಹೊತ್ತಿಗೆ ಸಮುದ್ರದ ಮೀನುಮರಿಗಳು ಉಬ್ಬರದ ನೀರಿನ ಜೊತೆ ಹೊಳೆಗೆ ಬರುತ್ತವೆ, ಇಲ್ಲಿ ಬೆಳೆಯುತ್ತವೆ. ಈಗ ಬರುವ ಮರಿಯೂ ಅವನಿಗೆ, ಹೋಗುವ ಮೀನೂ ಅವನಿಗೆ. ಅಂಬಿಗರ ಕೇರಿಯ ಬುದ್ಧಿವಂತರೆಲ್ಲ ದಡದಲ್ಲಿ ಕೂತು ಬೀಡಿ ಸೇದುತ್ತ ನೋಡಿದರು.

ಅಷ್ಟು ಬುದ್ಧಿವಂತರ ನಡುವೆ ಒಬ್ಬನೇ ಒಬ್ಬ ಪೆದ್ದ ಇದ್ದ. ಹೆಸರು ಜಟ್ಟು. ಅವನ ತಾಯಿ ದುರ್ಗಿ. ಗಂಡ ಬಿಟ್ಟುಹೋದ ಒಂದು ಸಣ್ಣ ಪಾತಿ ದೋಣಿಯಲ್ಲಿ ಮೀನು ಹಿಡಿದು, ತಲೆ ಮೇಲೆ ಬುಟ್ಟಿ ಹೊತ್ತು ಮಾರಿ, ಮಗನನ್ನು ಸಾಕಿದವಳು. ಆ ಪಾತಿ ಇದ್ದರೆ ಒಲೆಗೆ ಬೆಂಕಿ. ಇಲ್ಲದಿದ್ದರೆ ಇಲ್ಲ.

ಪರಮಯ್ಯನ ಬಲೆ ಬೀಳುವ ಮೊದಲೇ ಒಂದು ದಿನ ಜಟ್ಟು ಬೀಸುಬಲೆ ಹಿಡಿದು ಹೋಗಿ, ಬೆರಳುದ್ದದ ಮರಿಗಳನ್ನು ಬುಟ್ಟಿ ತುಂಬ ತಂದ. ದುರ್ಗಿ ಹಣೆ ಚಚ್ಚಿಕೊಂಡಳು. ಇವತ್ತು ಮರಿ ತಿಂದರೆ ಮಳೆಗಾಲಕ್ಕೆ ಎಂತ ತಿನ್ನುವುದು ಅಂದಳು.

"ಮರಿ ಕಂಡ್ರೆ ನೀರಿಗೆ ಬಿಡಬೇಕು, ತಿಳೀತಾ?"

"ತಿಳೀತು ಅಬ್ಬೆ."

ಹೇಳಿದ್ದು ಕೇಳಿದ. ಕೇಳಿದ್ದು ಮಾಡಿದ. ಮರುದಿನ ಪಕ್ಕದ ಮನೆ ಹೊನ್ನಕ್ಕನ ಅಂಗಳದಲ್ಲಿ ಕೋಳಿಮರಿ ಕಂಡವು. ಒಂದನ್ನೂ ಬಿಡದೆ ಮಡಿಲಲ್ಲಿ ತುಂಬಿಕೊಂಡು ಹೋಗಿ ನೀರಿಗೆ ಬಿಟ್ಟ. ಹೊನ್ನಕ್ಕ ಸೀರೆ ಎತ್ತಿ ಕಟ್ಟಿ ಸೊಂಟದ ನೀರಿಗೆ ಇಳಿದು ಮರಿಗಳನ್ನು ಹೆಕ್ಕಿದಳು, ಹೆಕ್ಕುತ್ತ ಜಟ್ಟುವಿನ ಏಳು ತಲೆಮಾರನ್ನೂ ತೊಳೆದಳು. ಹೆಕ್ಕಿದ ಮರಿಗಳನ್ನು ಒಲೆಯ ಬಳಿ ಇಟ್ಟು ಒಣಗಿಸಿದ್ದು ದುರ್ಗಿ.

"ಮತ್ತೊಬ್ಬರದ್ದು ಮುಟ್ಟಬೇಡ ಮಗಾ. ಒಡೆಯರು ಯಾರು ಕೇಳು. ಅವರು ಹೇಳಿದ ಹಾಗೆ ಮಾಡು."

"ಆಯ್ತು ಅಬ್ಬೆ."

ಹೇಳಿದ್ದು ಕೇಳಿದ. ಕೇಳಿದ್ದು ಮಾಡಿದ. ಅಷ್ಟರಲ್ಲಿ ಪರಮಯ್ಯನ ಬಲೆ ಬಿದ್ದಿತ್ತು. ಒಂದು ಬೆಳಿಗ್ಗೆ ಇಳಿತದ ಸೆಳೆತಕ್ಕೆ ಪಾತಿಯ ಹಗ್ಗ ಕಳಚಿತು. ಜಟ್ಟು ಅಲ್ಲೇ ಇದ್ದ. ಕೈ ಚಾಚಿದರೆ ಪಾತಿ ಸಿಗುತ್ತಿತ್ತು. ಆದರೆ ಪಾತಿ ಅಬ್ಬೆಯದ್ದು, ಅಬ್ಬೆ ಪೇಟೆಯಲ್ಲಿ. ಕೇಳದೆ ಮುಟ್ಟುವುದು ಹೇಗೆ? ಪಾತಿ ನೀರಲ್ಲಿ ಹೋಯಿತು, ಜಟ್ಟು ದಡದಲ್ಲಿ ಅದರ ಜೊತೆ ನಡೆದ. ಪೇಟೆಯಿಂದ ಬಂದ ನೆಂಟರನ್ನು ಬಸ್ಸಿನವರೆಗೆ ಬಿಡಲು ಹೋದ ಹಾಗೆ ನಡೆದ. ಪಾತಿ ನೆಟ್ಟಗೆ ಹೋಗಿ ಪರಮಯ್ಯನ ಬಲೆಗೆ ಬಿತ್ತು.

ದುರ್ಗಿ ಓಡಿ ಬಂದು ಪಾತಿ ಕೇಳಿದಳು. ನನ್ನ ಬಲೆಗೆ ಬಿದ್ದದ್ದೆಲ್ಲ ನನ್ನದು ಅಂದ ಪರಮಯ್ಯ. ಅವಳು ಅತ್ತಳು. ಬುದ್ಧಿವಂತರು ಬೀಡಿ ಬದಲಿಸಿದರು. ಕೊನೆಗೆ ಪರಮಯ್ಯನೇ ದಾರಿ ತೋರಿಸಿದ. ನಿನ್ನ ಮಗ ಅದೇ ಪಾತಿಯಲ್ಲಿ ಕೂತು ಹೋಳಿ ಹುಣ್ಣಿಮೆ ತನಕ ಬಲೆ ಕಾಯಲಿ, ಆಮೇಲೆ ಪಾತಿ ಒಯ್ಯಿರಿ. ಪೆದ್ದ ಕದಿಯುವುದಿಲ್ಲ, ಕೂಲಿಯನ್ನೂ ಕೇಳುವುದಿಲ್ಲ, ಅದು ಅವನ ಲೆಕ್ಕ. ಜಟ್ಟುವಿಗೆ ಅವನು ಹೇಳಿದ್ದು ಇಷ್ಟು:

"ಈ ಎರಡು ಗೂಟದ ನಡುವೆ ಯಾರೂ ಕೈ ಹಾಕಕೂಡದು. ನನ್ನ ಹೆಸರು ಹೇಳಿಕೊಂಡು ಬಂದರೂ ಬಿಡಬೇಡ."

ದುರ್ಗಿ ತನ್ನದೊಂದು ಮಾತು ಸೇರಿಸಿದಳು. ಪಾತಿ ತಿರುಗಿ ಸಿಗಬೇಕಾದರೆ ಹಿಡಿದ ಕೆಲಸ ಪೂರ್ತಿ ಮುಗಿಸು, ನಡುವೆ ಬಿಡಬೇಡ ಅಂದಳು.

ಅಮಾವಾಸ್ಯೆಯ ದೊಡ್ಡ ಇಳಿತದ ದಿನ ಪರಮಯ್ಯ ಬಲೆಯ ಬುಡ ನೋಡಲು ಕೆಸರಿಗೆ ಇಳಿದ. ಕಾಲು ಬಲೆಗೆ ಸಿಕ್ಕಿತು. ಒಂದನ್ನು ಎಳೆದರೆ ಇನ್ನೊಂದು ಸಿಕ್ಕಿತು. ನೀರು ತಿರುಗಿತು, ಉಬ್ಬರ ಶುರುವಾಯಿತು. ಮೊಣಕಾಲು, ಸೊಂಟ, ಎದೆ. ಜಟ್ಟು ಪಾತಿಯಲ್ಲಿ ಕೂತು ನೋಡುತ್ತಿದ್ದ.

"ಬಲೆ ಬಿಡಿಸು ಮಾರಾಯ."

"ಮುಟ್ಟಕೂಡದು. ಪರಮಯ್ಯ ಒಡೆಯರು ಹೇಳಿದ್ದಾರೆ."

"ನಾನೇ ಪರಮಯ್ಯ."

"ಹಾಗೆ ಹೇಳಿಕೊಂಡು ಬರ್ತಾರೆ ಅಂತಲೂ ಹೇಳಿದ್ದಾರೆ."

ಕೂಗು ಕೇಳಿ ಕೇರಿ ದಡಕ್ಕೆ ಬಂತು, ದುರ್ಗಿಯೂ ಬಂದಳು. ನೀರು ಪರಮಯ್ಯನ ಗದ್ದಕ್ಕೆ ಬಂದಿತ್ತು. ಅವನು ಎಂಥವನಾದರೂ ಮನುಷ್ಯ. ಅವನೇ ಬಲೆಯ ಒಡೆಯ ಮಗಾ, ಅವನು ಹೇಳಿದ ಹಾಗೆ ಮಾಡು ಎಂದು ದುರ್ಗಿ ದಡದಿಂದಲೇ ಕೂಗಿದಳು. ಜಟ್ಟು ಅವನ ಕಡೆ ತಿರುಗಿ, ಏನು ಮಾಡಲಿ ಒಡೆಯರೇ ಎಂದು ಕೇಳಿದ.

"ಬಲೆ ಕತ್ತರಿಸು."

ಜಟ್ಟು ಕತ್ತಿ ತೆಗೆದು ಕತ್ತರಿಸಿದ. ಕಾಲು ಬಿಡುಗಡೆ ಆಯಿತು. ಇಬ್ಬರು ಅಂಬಿಗರು ಈಜಿ ಹೋಗಿ ಪರಮಯ್ಯನನ್ನು ದಡಕ್ಕೆ ಎಳೆದು ಹಾಕಿದರು. ಅವನು ಉಪ್ಪುನೀರು ಕಾರುತ್ತ ಮಲಗಿದ. ಜಟ್ಟು ಇನ್ನೂ ಕತ್ತರಿಸುತ್ತಿದ್ದ. ಬಲೆ ಕತ್ತರಿಸು ಎಂದಿದ್ದರು, ಬಲೆ ಇನ್ನೂ ಇತ್ತು. ಹಿಡಿದ ಕೆಲಸ ನಡುವೆ ಬಿಡಬಾರದು. ಪರಮಯ್ಯ ಕೈ ಎತ್ತಿ ಸಾಕು ಎನ್ನಲು ನೋಡಿದ, ಬಾಯಿಂದ ಉಪ್ಪುನೀರು ಬಂತು, ಮಾತು ಬರಲಿಲ್ಲ. ದಡದಲ್ಲಿ ಯಾರಾದರೂ ಸಾಕು ಎನ್ನಬಹುದಿತ್ತು. ಒಬ್ಬರೂ ಅನ್ನಲಿಲ್ಲ. ಹುಟ್ಟಿದ ದಿನದಿಂದ ಮಗನನ್ನು ಬಯ್ದುಕೊಂಡೇ ಬಂದ ದುರ್ಗಿ ಮುಂದೆ ಬಂದು, ಮೆತ್ತಗೆ ಅಂದಳು:

"ಆಚೆ ದಡದಲ್ಲಿ ಇನ್ನೂ ಒಂಚೂರು ಉಳಿದಿದೆ ಮಗಾ."

ಅದನ್ನೂ ಕತ್ತರಿಸಿದ. ಉಬ್ಬರದ ನೀರು ಒಳಗೆ ಬಂತು. ನೀರಿನ ಜೊತೆ ಮರಿಗಳು ಬಂದವು, ಬೆಳ್ಳಿಪುಡಿ ಚೆಲ್ಲಿದ ಹಾಗೆ.

ಕೆಲಸ ಮುಗಿಯಿತು ಅಂದುಕೊಂಡಿರಾ? ಜಟ್ಟು ಅಂದುಕೊಳ್ಳಲಿಲ್ಲ. ಕಾಯಲು ಹೇಳಿದ್ದು ಹೋಳಿಯ ತನಕ. ಬಲೆ ಇಲ್ಲದ ಎರಡು ಗೂಟಗಳ ನಡುವೆ, ಬರೀ ನೀರನ್ನು ಕಾಯುತ್ತ ಕೂತ. ಊರು ನಕ್ಕಿತು. ನಾಲ್ಕು ದಿನ ಬಿಟ್ಟು ಪರಮಯ್ಯನ ಆಳುಗಳು ಹೊಸ ಬಲೆ ಹೊತ್ತು ಬಂದರು. ಜಟ್ಟು ಹುಟ್ಟು ಎತ್ತಿ ನಿಂತ. ಪರಮಯ್ಯನವರೇ ಕಳಿಸಿದ್ದು ಎಂದರು ಆಳುಗಳು.

"ಅವರ ಹೆಸರು ಹೇಳಿದವರನ್ನು ಬಿಡಬೇಡ ಅಂದವರೂ ಅವರೇ."

ಆಳುಗಳು ತಿರುಗಿ ಹೋದರು. ಪರಮಯ್ಯ ತಾನೇ ಬಂದು ಹೇಳಬೇಕಿತ್ತು, ಆದರೆ ಅವನು ಆ ದಿನದಿಂದ ನೀರಿನ ಹತ್ತಿರ ಬರುವುದಿಲ್ಲ. ಈಗ ಪಾತಿಯ ಒಂದು ತುದಿಯಲ್ಲಿ ಮಗ ಕಾಯುತ್ತಾನೆ, ಇನ್ನೊಂದು ತುದಿಯಲ್ಲಿ ನಿಂತು ತಾಯಿ ಗೂಟಗಳ ಸಾಲಿನ ಆಚೆಗೆ ಬಲೆ ಬೀಸುತ್ತಾಳೆ.

ಇಡೀ ಕೇರಿಯ ಬುದ್ಧಿ ಮಾಡದ ಕೆಲಸವನ್ನು ಒಬ್ಬ ಪೆದ್ದ ಮಾಡಿದ. ಅವನಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಹೋಳಿ ಹತ್ತಿರ ಬಂತು. ಹೇಳಿದ ದಿನ ಮುಗಿದರೆ ಜಟ್ಟು ಎದ್ದು ಮನೆಗೆ ಹೋಗುತ್ತಾನೆ, ಆಳುಗಳು ಮರುದಿನವೇ ಬರುತ್ತಾರೆ. ಕೇರಿಯ ಬುದ್ಧಿವಂತರೇ, ಬೀಡಿ ಎಸೆಯಿರಿ. ಪಾತಿ ಇಳಿಸಿ. ಅವನ ಪಾತಿಯ ಪಕ್ಕ ನಿಮ್ಮದನ್ನು ಕಟ್ಟಿ, ಹುಣ್ಣಿಮೆಯ ಬೆಳಿಗ್ಗೆ ಎಲ್ಲರೂ ಕೂಡಿ ಆ ಎರಡು ಗೂಟ ಕಿತ್ತು ಹಾಕಿ.