ಉಣ್ಣಲು ಹೊತ್ತೇ ಉಳಿಯದ ರಾಜ್ಯ

ಏಳು ಬೆಟ್ಟ ದಾಟಿದರೆ ಒಂದು ಹೊಳೆ. ಹೊಳೆ ದಾಟಿದರೆ ಕಂಚಿಮಲ್ಲಾಪುರ. ಬೆಟ್ಟ ಏಳೇ ಯಾಕೆ, ಎಂಟು ಯಾಕಿಲ್ಲ ಎಂದು ಕೇಳಬೇಡಿ. ಬೆನ್ನು ನೆಟ್ಟಗೆ ಮಾಡಿ ಕೂತು ಕೇಳಿ.

ಆ ರಾಜ್ಯವನ್ನು ಉದ್ದಂಡರಾಯನೆಂಬ ದೊರೆ ಆಳುತ್ತಿದ್ದ. ಕೆಟ್ಟವನಲ್ಲ. ಆದರೆ ಅವನಿಗೊಂದು ಖಯಾಲಿ. ಎಲ್ಲಿ ಏನು ಒಳ್ಳೆಯದಿದ್ದರೂ ತನಗೆ ಬೇಕು. ಅದೂ ಎಲ್ಲ ಒಟ್ಟಿಗೆ ಬೇಕು. ಸಾರು ಒಳ್ಳೆಯದು ಅಂದರು. ಮಜ್ಜಿಗೆ ಒಳ್ಳೆಯದು ಅಂದರು. ಪಾಯಸ ಒಳ್ಳೆಯದು ಅಂದರು. ಮೂರನ್ನೂ ಒಂದೇ ಲೋಟಕ್ಕೆ ಹುಯ್ಯಿಸಿಕೊಂಡು ಕುಡಿದ. ಮುಖ ಹುಳ್ಳಗೆ ಮಾಡಿಕೊಂಡು, "ಬಹಳ ಒಳ್ಳೆಯದು" ಅಂದ.

ಲೋಟ ಹಿಡಿದು ನಿಂತಿದ್ದವಳು ಅರಮನೆಯ ಅಡುಗೆಯ ಹೊಂಬಾಳಮ್ಮ. ಮೂವತ್ತು ವರ್ಷ ಅರಮನೆಯಲ್ಲಿ ಅಡುಗೆ ಮಾಡಿದವಳಿಗೆ ಯಾವಾಗ ಬಾಯಿ ಮುಚ್ಚಿಕೊಳ್ಳಬೇಕೆಂದು ಗೊತ್ತಿತ್ತು. ಅವಳ ಮನಸ್ಸೂ ಅಲ್ಲಿರಲಿಲ್ಲ. ಮನೆಯಲ್ಲಿ ಮಗಳು ನೀಲಾಂಬೆ ಬಾಣಂತಿ. ಹನ್ನೊಂದು ದಿನದ ಕೂಸು. ಬಾಣಂತಿಗೆ ಹೊತ್ತುಹೊತ್ತಿಗೆ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು ಬೀಳಬೇಕು. ಇಲ್ಲದಿದ್ದರೆ ಎದೆಹಾಲು ಎಲ್ಲಿಂದ ಬರಬೇಕು?

ಆ ವರ್ಷ ಅರಮನೆಗೆ ಮೂವರು ಅತಿಥಿಗಳು ಬಂದಿದ್ದರು.

ಮೊದಲನೆಯವರು ಸಿಂಹಳದಿಂದ ಬಂದ ಬೌದ್ಧ ಭಿಕ್ಕು, ಧಮ್ಮರತನ. ಕಾವಿ ವಸ್ತ್ರ, ಕೈಯಲ್ಲೊಂದು ಪಾತ್ರೆ. ಪಾತ್ರೆಗೆ ಏನು ಬಿದ್ದರೂ ಉಣ್ಣುವರು, ಇಂಥದ್ದೇ ಬೇಕು ಎನ್ನುವವರಲ್ಲ. ಆದರೆ ನೆತ್ತಿಯ ಸೂರ್ಯ ಆ ಕಡೆ ವಾಲಿದರೆ ಮತ್ತೆ ಒಂದು ಅಗುಳೂ ಇಲ್ಲ.

ಎರಡನೆಯವರು ಜೈನರಾದ ಪಾಯಣ್ಣ ಶೆಟ್ಟರು. ನೀರು ಸೋಸಿಯೇ ಕುಡಿಯುವರು. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಮುಟ್ಟುವವರಲ್ಲ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. ದೀಪ ಹಚ್ಚಿದ ಮೇಲೆ ಅವರ ಮುಂದೆ ಎಲೆ ಹಾಕುವಂತಿಲ್ಲ.

ಮೂರನೆಯವರು ಅತ್ತರು ಮಾರುವ ನೂರುದ್ದೀನ್ ಸಾಹೇಬರು. ಅದು ರಂಜಾನ್ ತಿಂಗಳು. ಬೆಳಗಿನ ಜಾವ ಉಂಡರೆ ಮುಗಿಯಿತು. ಸೂರ್ಯ ಮುಳುಗುವವರೆಗೆ ಅನ್ನವಿಲ್ಲ, ತೊಟ್ಟು ನೀರೂ ಇಲ್ಲ. ಸಂಜೆ ಒಂದು ಖರ್ಜೂರ ಬಾಯಿಗಿಟ್ಟು ಉಪವಾಸ ಬಿಡುವರು.

ಹೊಂಬಾಳಮ್ಮ ಓದಿದವಳಲ್ಲ. ಆದರೂ ಒಂದೇ ಒಲೆಯಲ್ಲಿ ಮೂವರಿಗೂ ಅವರವರ ಹೊತ್ತಿಗೆ ಅಡುಗೆ ಮಾಡಿ ಬಡಿಸಿದಳು. ಭಿಕ್ಕುಗಳ ಪಾತ್ರೆ ತುಂಬಿತು, ಶೆಟ್ಟರ ಎಲೆ ತುಂಬಿತು, ಸಾಹೇಬರ ತಟ್ಟೆ ತುಂಬಿತು. ಜಗಳವಿಲ್ಲ, ಗೊಂದಲವಿಲ್ಲ.

ಇದನ್ನು ದೊರೆ ನೋಡಿದ. ಅಲ್ಲಿಗೆ ಕೆಟ್ಟಿತು.

"ಮೂವರೂ ಎಂಥ ಶಿಸ್ತಿನವರು! ಯಾರ ಧರ್ಮ ಹಿಡಿಯಲಿ?" ಎಂದು ಆಸ್ಥಾನ ಪಂಡಿತ ಡಿಂಡಿಮಯ್ಯನನ್ನು ಕೇಳಿದ.

ಡಿಂಡಿಮಯ್ಯನಿಗೆ 'ಸಕಲಮತಸಾರಜ್ಞ' ಎಂಬ ಬಿರುದಿತ್ತು. ತನಗೆ ತಾನೇ ಕೊಟ್ಟುಕೊಂಡದ್ದು. ಹೊಳೆಯಾಚೆ ಕಾಲಿಟ್ಟವನಲ್ಲ. ಅವನಿಗೆ ಹೊಂಬಾಳಮ್ಮನ ಮೇಲೆ ಒಂದು ಹಳೆಯ ಸಿಟ್ಟಿತ್ತು. ಹಬ್ಬದ ದಿನ ಹನ್ನೆರಡನೆಯ ಹೋಳಿಗೆ ಕೇಳಿದಾಗ, "ಆಳುಗಳದ್ದು ಇನ್ನೂ ಊಟ ಆಗಿಲ್ಲ, ಏಳಿ ಸ್ವಾಮಿ" ಅಂದಿದ್ದಳು.

"ಒಂದನ್ನೇ ಯಾಕೆ ಹಿಡಿಯಬೇಕು, ಮಹಾಪ್ರಭು? ಮೂರರ ಸಾರವನ್ನೂ ಹಿಂಡಿ ಒಟ್ಟು ಮಾಡಿ. ಮೂರು ಪಟ್ಟು ಪುಣ್ಯ" ಅಂದ ಡಿಂಡಿಮಯ್ಯ.

ದೊರೆ ಕುಣಿದಾಡಿದ. ಮರುದಿನವೇ ಡಂಗುರ ಸಾರಿಸಿದ.

"ಭಿಕ್ಕುಗಳ ಹಾಗೆ ಮಧ್ಯಾಹ್ನದ ಮೇಲೆ ಉಣ್ಣಬಾರದು!" ಡಂ ಡಂ.

"ಶೆಟ್ಟರ ಹಾಗೆ ಸೂರ್ಯ ಮುಳುಗಿದ ಮೇಲೆ ಉಣ್ಣಬಾರದು!" ಡಂ ಡಂ.

"ಸಾಹೇಬರ ಹಾಗೆ ಸೂರ್ಯ ಮುಳುಗುವ ತನಕ ಉಣ್ಣಬಾರದು!" ಡಂ ಡಂ ಡಂ.

ಹೊಂಬಾಳಮ್ಮ ಸೌಟು ಹಿಡಿದುಕೊಂಡೇ ಸಭೆಗೆ ಓಡಿ ಬಂದಳು. "ಮಹಾಸ್ವಾಮಿ, ಹಾಗಾದರೆ ಉಣ್ಣುವುದು ಯಾವಾಗ?"

ದೊರೆ ಡಿಂಡಿಮಯ್ಯನ ಮುಖ ನೋಡಿದ.

"ಉಳಿದ ಹೊತ್ತಿನಲ್ಲಿ" ಅಂದ ಡಿಂಡಿಮಯ್ಯ.

ಊರಿಗೆ ಊರೇ ಉಳಿದ ಹೊತ್ತನ್ನು ಹುಡುಕತೊಡಗಿತು. ಜೋಯಿಸರು ಕವಡೆ ಹಾಕಿ, ಬೆರಳು ಮಡಿಚಿ, "ಗ್ರಹಣದ ಹೊತ್ತಿನಲ್ಲಿ ಸೂರ್ಯ ಇದ್ದೂ ಇಲ್ಲ. ಆಗ ಉಣ್ಣಬಹುದು. ಮುಂದಿನ ಗ್ರಹಣಕ್ಕೆ ಇನ್ನು ನಾಲ್ಕೇ ವರ್ಷ" ಅಂದರು.

"ಛೀ! ಗ್ರಹಣದಲ್ಲಿ ಉಣ್ಣುತ್ತಾರೇನೋ, ಮಂಕುಗಳಾ!" ಎಂದು ದೊರೆಯ ಅಜ್ಜಿ ದೊಡ್ಡಮ್ಮಣ್ಣಿ ಗದರಿದರು. ನಾಲ್ಕು ವರ್ಷದ ಆಸೆಯೂ ಹೋಯಿತು.

ಡಿಂಡಿಮಯ್ಯ ಅಷ್ಟಕ್ಕೇ ಬಿಡಲಿಲ್ಲ. "ಅನ್ನ ಕಣ್ಣಿಗೆ ಬಿದ್ದರೆ ಮನಸ್ಸು ಕೆಡುತ್ತದೆ. ಊರಿನ ಕಾಳುಕಡ್ಡಿಯೆಲ್ಲ ಅರಮನೆಯ ಉಗ್ರಾಣಕ್ಕೆ ಬರಲಿ. ಬೀಗದ ಕೈ ಮನಸ್ಸು ಗೆದ್ದವನ ಹತ್ತಿರ ಇರಲಿ" ಅಂದ. ಮನಸ್ಸು ಗೆದ್ದವನು ಯಾರೆಂದು ಕೇಳಿದಾಗ ನಾಚಿಕೊಂಡು ಸೊಂಟ ಮುಂದೆ ಮಾಡಿದ. ಬೀಗದ ಕೈ ಅಲ್ಲಿ ನೇತಾಡಿತು. ಒಲೆಗಳೆಲ್ಲ ಆರಿದವು. ಬಾಯಿ ಆಡಿಸಿದವರಿಗೆ ಗಡೀಪಾರು ಎಂದಾಯಿತು.

ಮೊದಲ ದಿನ ಕಾವಲಿನವರು ಒಂದು ಹಸುವನ್ನು ಹಿಡಿದು ತಂದರು. ಬಾಯಿ ಆಡಿಸುತ್ತಿತ್ತು.

"ಉಂಡದ್ದು ನಿನ್ನೆ, ಸ್ವಾಮಿ. ಈಗ ಬರೀ ಮೆಲುಕು" ಅಂದಿತು ಹಸು.

"ನಿನ್ನೆಯದನ್ನು ಇವತ್ತು ಅಗಿದರೆ ಎರಡು ದಿನದ ತಪ್ಪು" ಎಂದು ತೀರ್ಪು ಕೊಟ್ಟ ಡಿಂಡಿಮಯ್ಯ. ಹಸುವನ್ನು ಹೊಳೆ ದಾಟಿಸಿದರು. ಆಚೆ ದಡದಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಹಸು ತಿರುಗಿಯೂ ನೋಡಲಿಲ್ಲ.

ಎರಡನೆಯ ದಿನ ದೊರೆಯ ಕಿರೀಟ ಜಾರಿ ಕಿವಿಯ ಮೇಲೆ ಕೂತಿತು. ಸಿಪಾಯಿಗಳು ಈಟಿಗೆ ಒರಗಿಕೊಂಡು ನಿಂತರು. ಡಿಂಡಿಮಯ್ಯನ ಮುಖ ಮಾತ್ರ ದಿನದಿನಕ್ಕೆ ಗುಂಡಗಾಗುತ್ತಿತ್ತು. ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು ತಪಸ್ಸು ಮಾಡುತ್ತಿದ್ದನಲ್ಲ!

"ಇದು ಬೊಜ್ಜಲ್ಲ, ತೇಜಸ್ಸು" ಅನ್ನುತ್ತಿದ್ದ. ಮೀಸೆಗೆ ತುಪ್ಪ ಹತ್ತಿತ್ತು. ಜನರಿಗೆ ಅದೂ ತೇಜಸ್ಸಾಗಿಯೇ ಕಂಡಿತು.

ಹೊಂಬಾಳಮ್ಮನ ಮನೆಯಲ್ಲಿ ಕೂಸು ಅಳುತ್ತಿತ್ತು. "ಅವ್ವಾ, ಹಾಲು ಇಳಿಯುತ್ತಿಲ್ಲ" ಅಂದಳು ನೀಲಾಂಬೆ. ಹೊಂಬಾಳಮ್ಮ ಸೆರಗು ಬಿಗಿದು ಹೊರಟಳು.

ಮೊದಲು ಸಾಹೇಬರ ಹತ್ತಿರ ಹೋದಳು. "ನಿಮ್ಮ ಧರ್ಮದಲ್ಲಿ ಬಾಣಂತಿ ಉಪವಾಸ ಇರಬೇಕೇ?"

"ತೋಬಾ! ಏನು ಮಾತಮ್ಮ ಅದು?" ಅಂದರು ಸಾಹೇಬರು. "ಹಾಲೂಡಿಸುವ ತಾಯಿಗೆ, ಕಾಯಿಲೆಯವರಿಗೆ, ದಾರಿ ನಡೆಯುವವರಿಗೆ ರೋಜಾ ಬಿಡಲು ಅನುಮತಿ ಇದೆ. ಆಮೇಲೆ ಬೇರೆ ದಿನ ಹಿಡಿದರಾಯಿತು. ದಾರಿಹೋಕನಾದ ನಾನೂ ಬಿಡಬಹುದಿತ್ತು. ಹಿಡಿದದ್ದು ನನ್ನ ಖುಷಿ."

ಆಮೇಲೆ ಭಿಕ್ಕುಗಳ ಹತ್ತಿರ ಹೋದಳು. ಅದೇ ಮಾತು ಕೇಳಿದಳು.

ಭಿಕ್ಕು ನಕ್ಕರು. "ತಾಯೀ, ಮಧ್ಯಾಹ್ನದ ನಿಯಮ ಭಿಕ್ಕುಗಳಿಗೆ. ಸಂಸಾರಿಗಳಿಗಲ್ಲ. ಊರಿನವರೆಲ್ಲ ಭಿಕ್ಕುಗಳಾದರೆ ನನ್ನ ಪಾತ್ರೆಗೆ ಅನ್ನ ಹಾಕುವವರು ಯಾರು?"

ಕೊನೆಗೆ ಪಾಯಣ್ಣ ಶೆಟ್ಟರ ಹತ್ತಿರ ಹೋದಳು. ಅದೇ ಮಾತು ಕೇಳಿದಳು.

ಶೆಟ್ಟರ ಕಣ್ಣು ತುಂಬಿತು. "ದೀಪಕ್ಕೆ ಹುಳ ಮುತ್ತುತ್ತವೆ ತಂಗೀ. ತಿಳಿಯದೆ ಒಂದು ಜೀವ ಬಾಯಿಗೆ ಹೋದೀತೆಂದು ನಾವು ರಾತ್ರಿ ಉಣ್ಣುವುದಿಲ್ಲ. ಹಗಲು ಉಣ್ಣಬೇಡಿ ಎಂದು ಯಾರು ಹೇಳಿದರು? ಹುಳ ಉಳಿಸುವ ನಿಯಮ ಹಿಡಿದು ಕೂಸನ್ನು ಕೊಲ್ಲುವುದೇ?"

ಮೂವರೂ ಅವಳ ಜೊತೆ ಸಭೆಗೆ ಬಂದು ಇದನ್ನೇ ಹೇಳಿದರು. ಡಿಂಡಿಮಯ್ಯ ಕೈಯಾಡಿಸಿಬಿಟ್ಟ. "ನಿಯಮವೇ ಸಾರ, ಮಹಾಪ್ರಭು. ವಿನಾಯಿತಿಗಳೆಲ್ಲ ಸಿಪ್ಪೆ."

"ಸಿಪ್ಪೆ ಬೇಡ, ಸಾರ ಸಾಕು" ಅಂದ ದೊರೆ. ಅವನಿಗೆ ಹಸಿವಿನಿಂದ ಕಣ್ಣು ಮಂಜಾಗಿ ಮೂವರು ಅತಿಥಿಗಳು ಆರಾಗಿ ಕಾಣುತ್ತಿದ್ದರು. ಪುಣ್ಯದ ಲಕ್ಷಣ ಎಂದುಕೊಂಡಿದ್ದ.

ಹೊಂಬಾಳಮ್ಮ ಡಿಂಡಿಮಯ್ಯನನ್ನೇ ನೋಡಿದಳು. ಮೀಸೆ ನೋಡಿದಳು. ಮೂವತ್ತು ವರ್ಷ ತುಪ್ಪ ಕಾಯಿಸಿದವಳು ತುಪ್ಪವನ್ನು ತೇಜಸ್ಸು ಅಂದುಕೊಂಡಾಳೇ? ಕೈಮುಗಿದು ಮುಂದೆ ಬಂದಳು.

"ಮಹಾಸ್ವಾಮಿ, ಎಲ್ಲರ ಉಪವಾಸ ತಂದಿರಿ, ಯಾರ ಪೂಜೆಯನ್ನೂ ತರಲಿಲ್ಲ. ಎರಡು ದಿನ ಉಪವಾಸವಿದ್ದೂ ಹೀಗೆ ಹೊಳೆಯುವ ಮಹಾತ್ಮರನ್ನು ಉಗ್ರಾಣದೊಳಗೆ ಬಚ್ಚಿಡುವುದೇ? ನಾಳೆ ಅಂಗಳದಲ್ಲಿ ಮಂಟಪ ಹಾಕಿಸಿ. ಬೆಳಿಗ್ಗೆ ಗೊಮ್ಮಟಸ್ವಾಮಿಯ ಹಾಗೆ ನಿಲ್ಲಲಿ. ಮಧ್ಯಾಹ್ನ ಬುದ್ಧದೇವರ ಹಾಗೆ ಕೂರಲಿ. ಸಂಜೆ ನಮ್ಮ ಗುಡಿಯ ಹಾಗೆ ನೈವೇದ್ಯ, ಆರತಿ ಆಗಲಿ."

"ಮೂರೂ ಒಟ್ಟಿಗೆ!" ದೊರೆಯ ಮುಖ ಅರಳಿತು.

"ಒಟ್ಟಿಗೆ, ಬುದ್ಧಿ. ನೈವೇದ್ಯಕ್ಕೆ ಉಗ್ರಾಣದ ಬೀಗದ ಕೈ ಕೊಡಿಸಿ. ಬೇಯಿಸಬಾರದು ಎಂದು ಡಂಗುರದಲ್ಲಿ ಇರಲಿಲ್ಲ. ದೇವರು ಎಷ್ಟು ದೊಡ್ಡವರೋ ನೈವೇದ್ಯವೂ ಅಷ್ಟೇ ದೊಡ್ಡದು."

ಮಂಟಪ, ಪೀಠ, ಆರತಿ ಎಂದು ಕೇಳಿ ಡಿಂಡಿಮಯ್ಯನ ಎದೆ ಉಬ್ಬಿತು. ಉಬ್ಬಿದ ಎದೆಯ ಗುಂಗಿನಲ್ಲಿ ಸೊಂಟದ ಬೀಗದ ಕೈ ಬಿಚ್ಚಿ ಕೊಟ್ಟುಬಿಟ್ಟ.

ಮೂರನೆಯ ದಿನ ಬೆಳಿಗ್ಗೆ ಅವನನ್ನು ನೆಟ್ಟಗೆ ನಿಲ್ಲಿಸಿದರು. ಗೊಮ್ಮಟಸ್ವಾಮಿಗೆ ಬಳ್ಳಿ ಹಬ್ಬಿದೆಯಲ್ಲವೇ? ಇವನಿಗೂ ಕಾಲಿನಿಂದ ಕತ್ತಿನವರೆಗೆ ಹಾಗಲದ ಬಳ್ಳಿ ಸುತ್ತಿದರು. ಜನ ಸುತ್ತ ನಿಂತು ಕೈಮುಗಿದರು. ಗಳಿಗೆಗೊಮ್ಮೆ ತಿಂದು ಅಭ್ಯಾಸವಾದ ಹೊಟ್ಟೆ ಗುಡುಗಿತು. ಜನ, "ಓಂಕಾರ! ಓಂಕಾರ!" ಎಂದು ಅಡ್ಡಬಿದ್ದರು.

ಮಧ್ಯಾಹ್ನ ಪದ್ಮಾಸನ ಹಾಕಿಸಿ ಕೂರಿಸಿದರು. ಬಳ್ಳಿ ಬಿಚ್ಚುವಾಗ ನೋಡುತ್ತಾರೆ, ಗಲ್ಲದ ಹತ್ತಿರ ಒಂದು ಎಲೆಯೂ ಇಲ್ಲ.

"ಆಡು ತಿಂದಿರಬೇಕು" ಅಂದ ಒಬ್ಬ ಸಿಪಾಯಿ.

"ನಾನು ಹಾಗಲ ಮುಟ್ಟುವುದಿಲ್ಲ. ಕಹಿ" ಅಂದಿತು ಪಕ್ಕದಲ್ಲಿದ್ದ ಆಡು, ಮುಖ ತಿರುಗಿಸಿಕೊಂಡು.

ಅತ್ತ ಅರಮನೆಯ ಒಲೆಗಳೆಲ್ಲ ಉರಿಯುತ್ತಿದ್ದವು. ಹೊಂಬಾಳಮ್ಮ ಹಂಡೆ ಹಂಡೆ ಅನ್ನ ಬೇಯಿಸಿದಳು. ಮೆಣಸಿನ ಸಾರು ಕುದಿಸಿದಳು. ಹೋಳಿಗೆ ತಟ್ಟಿದಳು. ಒಂದು ಅಗುಳನ್ನೂ ಬಾಯಿಗಿಡಲಿಲ್ಲ. ಅರಮನೆಯ ಹಿತ್ತಲಾಚೆಯ ತನ್ನ ಮನೆಯಿಂದ ಕೂಸಿನ ಅಳು ಕೇಳಿಸುತ್ತಿತ್ತು. ಬೆಳಿಗ್ಗೆ ಜೋರಾಗಿತ್ತು. ಮಧ್ಯಾಹ್ನ ಸಣ್ಣಗಾಯಿತು. ಸಂಜೆಯ ಹೊತ್ತಿಗೆ ಬೆಕ್ಕಿನ ಮರಿಯ ದನಿಯಷ್ಟಾಯಿತು. ಅವಳ ಕೈ ಇನ್ನೂ ಚುರುಕಾಯಿತು.

ಸೂರ್ಯ ಬೆಟ್ಟದ ತಲೆಗೆ ತಾಗಿದ. ಡಿಂಡಿಮಯ್ಯನ ಕೊರಳಿಗೆ ಮಲ್ಲಿಗೆ ಹಾರ ಹಾಕಿ, ಮುಂದೆ ಹೋಳಿಗೆ ಪೇರಿಸಿದರು. ಬಿಸಿ ತುಪ್ಪ ಹುಯ್ದರು. ಗುಡಿಯಲ್ಲಿ ನೈವೇದ್ಯದ ಹೊತ್ತಿಗೆ ದೇವರಿಗೆ ಪರದೆ ಹಾಕುವುದು ನಿಮಗೆ ಗೊತ್ತೇ ಇದೆ. ಹೊಂಬಾಳಮ್ಮ ಪರದೆ ಎಳೆದಳು. ಒಂದು ಎಣಿಸಿದಳು. ಎರಡು ಎಣಿಸಿದಳು. ಮೂರಕ್ಕೆ ಗಂಟೆ ಬಾರಿಸಿ ಪರದೆ ಸರಿಸಿದಳು.

ಡಿಂಡಿಮಯ್ಯನ ಎರಡೂ ಕೈಯಲ್ಲಿ ಹೋಳಿಗೆ. ಬಾಯಿಯಲ್ಲೂ ಹೋಳಿಗೆ. ಅವಸರದಲ್ಲಿ ಮಲ್ಲಿಗೆ ಹಾರವೂ ಅರ್ಧ ಒಳಗೆ ಹೋಗಿತ್ತು.

"ಇದೇನು!" ಎಂದು ದೊರೆ ಕೂಗಿದ. ಸಿಪಾಯಿಗಳು ಗಡೀಪಾರಿನ ಹಗ್ಗ ತೆಗೆದರು.

ಡಿಂಡಿಮಯ್ಯ ಹಾರ ನುಂಗಿಕೊಂಡ. "ನಿಲ್ಲಿ! ನೋಡಿ, ಸೂರ್ಯ ಅರ್ಧ ಒಳಗೆ, ಅರ್ಧ ಹೊರಗೆ. ಹಗಲೂ ಅಲ್ಲ, ರಾತ್ರಿಯೂ ಅಲ್ಲ. ಅರ್ಧ ಸೂರ್ಯನಿಗೆ ಮಧ್ಯಾಹ್ನವೂ ಇಲ್ಲ. ಇದೇ ಉಳಿದ ಹೊತ್ತು!"

ಹೊಂಬಾಳಮ್ಮ ಕಾಯುತ್ತಿದ್ದದ್ದು ಈ ಮಾತಿಗೇ. "ಕೇಳಿದಿರಾ ಎಲ್ಲರೂ? ಉಳಿದ ಹೊತ್ತು ಸಿಕ್ಕಿತು! ಅವರಿಗೆ ಸಿಕ್ಕಿದ್ದು ಎಲ್ಲರಿಗೂ ಸಿಕ್ಕಿತು. ಹಾಕಿ ಎಲೆ!"

ಅಂಗಳದ ತುಂಬ ಎಲೆ ಬಿತ್ತು. ಅನ್ನದ ಹಂಡೆಗಳು ಬಂದವು. ಸೂರ್ಯ ಪೂರ್ತಿ ಮುಳುಗಿದ.

"ಹೊತ್ತು ಮುಗಿಯಿತು! ಏಳಿ! ಏಳಿ!" ಎಂದು ಡಿಂಡಿಮಯ್ಯ ಕೂಗಿದ. ಊಟಕ್ಕಿಂತ ಹೆಚ್ಚಾಗಿ ಉಗ್ರಾಣ ಖಾಲಿಯಾಗುವ ಸಂಕಟ ಅವನಿಗೆ.

"ಎಲೆಯ ಮುಂದೆ ಕೂತವರನ್ನು ಎಬ್ಬಿಸಿ ಎಂದು ಯಾವ ಮತದಲ್ಲಿದೆ, ಸಾರಜ್ಞರೇ? ಒಂದು ತೋರಿಸಿ" ಅಂದಳು ಹೊಂಬಾಳಮ್ಮ.

ಡಿಂಡಿಮಯ್ಯ ಬಾಯಿ ತೆರೆದ. ಒಂದು ಮಲ್ಲಿಗೆ ಹೂ ಬಿತ್ತು.

ಹೊಂಬಾಳಮ್ಮ ಮೊದಲ ತಟ್ಟೆಯನ್ನು ದೊರೆಗೆ ಬಡಿಸಲಿಲ್ಲ. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು ಹಿಡಿದುಕೊಂಡು ಮನೆಗೆ ಓಡಿದಳು. ಕಲಸಿ ಕಲಸಿ ಮಗಳ ಬಾಯಿಗಿಟ್ಟಳು. ತುತ್ತಿಗೊಮ್ಮೆ ನೀಲಾಂಬೆ ಅತ್ತಳು. ಕೂಸನ್ನು ಎದೆಗೆ ಹಾಕಿಕೊಂಡಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಗುಟುಕ್ ಎಂದಿತು. ಇನ್ನೊಮ್ಮೆ ಗುಟುಕ್ ಎಂದಿತು.

ಹೊಂಬಾಳಮ್ಮ ತಿರುಗಿ ಬಂದಾಗ ದೊರೆ ಪಂಕ್ತಿಯಲ್ಲಿ ಕೂತು ಗಬಗಬನೆ ಉಣ್ಣುತ್ತಿದ್ದ. ನೂರುದ್ದೀನ್ ಸಾಹೇಬರು ಖರ್ಜೂರ ಬಾಯಿಗಿಟ್ಟು ಪಕ್ಕದಲ್ಲಿ ಕೂತಿದ್ದರು. ಆದರೆ ಅನ್ನ ಬಡಿಸುತ್ತಿದ್ದವರು ಯಾರು? ಪಾಯಣ್ಣ ಶೆಟ್ಟರು. ಸಾರು ಬಡಿಸುತ್ತಿದ್ದವರು ಯಾರು? ಭಿಕ್ಕು ಧಮ್ಮರತನ.

ದೊರೆಯ ತುತ್ತು ಅರ್ಧದಲ್ಲೇ ನಿಂತಿತು. "ನೀವು ಉಣ್ಣುವುದಿಲ್ಲವೇ? ಹಸಿವಿಲ್ಲವೇ?"

"ಹಸಿವು ಬೇಕಾದಷ್ಟಿದೆ" ಅಂದರು ಶೆಟ್ಟರು. "ಆದರೆ ಸೂರ್ಯ ಮುಳುಗಿದನಲ್ಲ. ನನಗೆ ಇನ್ನು ನಾಳೆ ಬೆಳಿಗ್ಗೆ."

"ನನಗೂ ನಾಳೆಯೇ" ಅಂದರು ಭಿಕ್ಕು.

"ಹಾಗಿದ್ದ ಮೇಲೆ ಇವರಿಗೆಲ್ಲ ಯಾಕೆ ಬಡಿಸುತ್ತೀರಿ?"

"ನಿಯಮ ನನ್ನ ಹೊಟ್ಟೆಗೆ, ಮಹಾರಾಜ" ಅಂದರು ಶೆಟ್ಟರು, ಇನ್ನೊಂದು ಸೌಟು ಹಾಕುತ್ತ. "ಇವರ ಹೊಟ್ಟೆಗಲ್ಲ."

ದೊರೆ ತಲೆ ತಗ್ಗಿಸಿದ. ಕಿರೀಟ ಸಾರಿನೊಳಗೆ ಬಿತ್ತು. ಅಲ್ಲೇ ಇರಲಿ ಎಂದು ಬಿಟ್ಟ. ಆ ರಾತ್ರಿಯೇ ಡಂಗುರ ಹಿಂದಕ್ಕೆ ಹೋಯಿತು. ಕಾಳುಕಡ್ಡಿ ಅವರವರ ಮನೆ ಸೇರಿತು. ಹೊಳೆಯಾಚೆಯ ಹಸುವಿಗೆ ಕ್ಷಮೆ ಕೇಳಿ ಓಲೆ ಕಳಿಸಿದರು. ಹಸು ಬರಲೊಪ್ಪಲಿಲ್ಲ.

ಡಿಂಡಿಮಯ್ಯನನ್ನು ಗಡೀಪಾರು ಮಾಡಲಿಲ್ಲ. ಅರಮನೆಯ ಪಂಕ್ತಿಯಲ್ಲಿ ಬಡಿಸುವ ಕೆಲಸಕ್ಕೆ ಹಾಕಿದರು. ಬಡಿಸುವವನು ಕೊನೆಯ ಮನುಷ್ಯ ಕೈತೊಳೆದ ಮೇಲೆ ಉಣ್ಣಬೇಕು, ಅದು ಅಡುಗೆಮನೆಯ ಧರ್ಮ. ಹೊಂಬಾಳಮ್ಮ ದಿನವೂ ಕಡೆಯ ಸಾಲಿನಲ್ಲಿ ನಿಧಾನವಾಗಿ ಉಣ್ಣುವ ಮುದುಕರನ್ನೇ ಹುಡುಕಿ ಕೂರಿಸುತ್ತಿದ್ದಳು.

ಕಥೆ ಕೇಳಿದ ಮೇಲೆ ನೀತಿ ಕೇಳದೆ ಏಳುವಂತಿಲ್ಲ. ಪ್ರತಿಯೊಂದು ಧರ್ಮದಲ್ಲೂ ನಿಯಮವಿದೆ, ನಿಯಮದ ಬೆನ್ನಿಗೇ ದಯೆಯಿದೆ. ದಯೆಯನ್ನು ಬಿಟ್ಟು ನಿಯಮವನ್ನಷ್ಟೇ ಹೊತ್ತು ತಂದವನು ಮೂರು ಧರ್ಮ ತಂದರೂ ಒಂದೂ ತಂದ ಹಾಗಲ್ಲ. ವ್ರತ ಹಿಡಿಯುವುದಾದರೆ ನಿಮ್ಮ ಹೊಟ್ಟೆಗೆ ಹಿಡಿಯಿರಿ. ಇನ್ನೊಬ್ಬರ ಎಲೆ ಎಳೆಯಬೇಡಿ.