ನೀಲವ್ವನ ದೋಣಿ ಇಂಜಿನ್

ಒಂದು ಕಾಡಿನಲ್ಲಿ ನೀಲವ್ವ ಎಂಬ ಮುಳ್ಳುಹಂದಿ ಇದ್ದಳು. ಆ ಕಾಡಿನ ಹೊಳೆಗೆ ಅಣೆಕಟ್ಟು ಬಂದು, ತಗ್ಗೆಲ್ಲ ಮುಳುಗಿ, ಕಾಡು ಎರಡು ಹೋಳಾಗಿತ್ತು. ನೀಲವ್ವ ಈಚೆ ದಡದಲ್ಲಿ ಉಳಿದಳು. ಅವಳ ಅಕ್ಕ ಗೌರವ್ವ ಆಚೆ ದಡದಲ್ಲಿ ಉಳಿದಳು. ನೀಲವ್ವನ ಗಂಡ ಹಳೆಯ ಇಂಜಿನ್ ಕಟ್ಟಿದ ದೋಣಿಯಲ್ಲಿ ತಿಂಗಳಿಗೊಮ್ಮೆ ಅವಳನ್ನು ಅಕ್ಕನ ಬಿಲಕ್ಕೆ ಕರೆದೊಯ್ಯುತ್ತಿದ್ದ. ಎರಡು ಮಳೆಗಾಲದ ಹಿಂದೆ ಅವನು ಜ್ವರ ಬಂದು ತೀರಿಹೋದ. ಅಂದಿನಿಂದ ಇಂಜಿನ್ನೂ ಗೋಣಿಚೀಲದಡಿ ಮೂಲೆ ಸೇರಿತು. ಅವನು ಸತ್ತ ಸುದ್ದಿಯನ್ನು ಅಕ್ಕನಿಗೆ ಮುಟ್ಟಿಸಲೂ ಯಾರೂ ಇರಲಿಲ್ಲ.

ದಿನಾ ಸಂಜೆ ನೀಲವ್ವ ನೀರಿನಂಚಿಗೆ ಹೋಗಿ ಕೂರುತ್ತಿದ್ದಳು. ಆಚೆ ದಡ ಬರೀ ಒಂದು ಗೆರೆಯಂತೆ ಕಾಣುತ್ತಿತ್ತು. ಅಕ್ಕ ಈಗ ಗೆಣಸು ಅಗೆಯುತ್ತಿರಬಹುದು, ತಂಗಿ ಮರೆತಳೆಂದು ಮುನಿಸಿಕೊಂಡಿರಬಹುದು ಎಂದು ನೆನೆಯುತ್ತಿದ್ದಳು. ಮುನಿಸಾದರೂ ಇರಲಿ, ಜೀವ ಒಂದಿರಲಿ ಎಂದು ಬೇಡಿಕೊಳ್ಳುತ್ತಿದ್ದಳು.

ಅದೇ ಕಾಡಿನಲ್ಲಿ ದುರ್ಗಪ್ಪ ಎಂಬ ನರಿ ಇದ್ದ. ತನಗೆ ಇಂಜಿನ್ ರಿಪೇರಿ ಗೊತ್ತೆಂದು ಹೇಳಿಕೊಳ್ಳುತ್ತಿದ್ದ. ಅವನಿಗೂ ಅಂಥದೇ ದೋಣಿಯಿತ್ತು. ಆದರೆ ಅದರ ಇಂಜಿನ್ ಬೇಗ ಕಾಯುತ್ತಿದ್ದುದರಿಂದ ದಡ ಬಿಟ್ಟು ದೂರ ಹೋಗುವಂತಿರಲಿಲ್ಲ. ನೀಲವ್ವ ಕರೆದಾಗ ಅವನು ನಾಲ್ಕು ದಿನ ಬಂದು, ಬೇಯಿಸಿಟ್ಟ ಗೆಣಸು ತಿಂದು, ಇಂಜಿನ್ ತಟ್ಟಿ ನೋಡಿದ. ಕೊನೆಯ ದಿನ ಅವಳನ್ನು ನೀರು ತರಲು ಕಳಿಸಿದ. ಅವಳು ಮರಳುವಷ್ಟರಲ್ಲಿ ಕೈ ಒರೆಸಿಕೊಳ್ಳುತ್ತಿದ್ದ.

"ಇದರ ಕಾಲ ಮುಗಿಯಿತು ನೀಲವ್ವ. ಅಕ್ಕನ ಆಸೆ ಬಿಟ್ಟುಬಿಡು" ಎಂದ.

ಆ ಮಾತು ಅವಳಿಗೆ ನಾಟಿತು. ಇಂಜಿನ್ ಆಸೆ ಬಿಡಬಹುದಿತ್ತು, ಅಕ್ಕನ ಆಸೆ ಹೇಗೆ ಬಿಡುವುದು? ಮರುದಿನ ಬೆಳಿಗ್ಗೆ ಅವಳೇ ನಟ್ಟು ಬಿಚ್ಚುವ ಪಾನಾ ಹಿಡಿದು ಅಂಗಳದಲ್ಲಿ ಕುಳಿತಳು. ಗಂಡ ರಿಪೇರಿ ಮಾಡುವಾಗ ಪಕ್ಕದಲ್ಲಿ ಕೂತು ನೋಡಿದ್ದಳು. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಗೋಣಿಯ ಮೇಲೆ ಇಟ್ಟಳು. ಹಳೆಯ ಪೆಟ್ರೋಲ್ ಅಂಟಾಗಿ, ಅದು ಹಾಯುವ ಸಣ್ಣ ತೂತು ಮುಚ್ಚಿಹೋಗಿತ್ತು. ತನ್ನ ಬೆನ್ನಿನದೇ ಒಂದು ಸಪೂರ ಮುಳ್ಳು ಕಿತ್ತು ಅದನ್ನು ಬಿಡಿಸಿದಳು. ಕಿಡಿ ಹಾರಿಸುವ ಪ್ಲಗ್ ಉಜ್ಜಿದಳು. ಇಂಜಿನ್ನನ್ನು ನೀರಿನ ಪೀಪಾಯಿಯಲ್ಲಿ ನಿಲ್ಲಿಸಿ ಹಗ್ಗ ಎಳೆದಳು. ಹನ್ನೊಂದನೆಯ ಸಲಕ್ಕೆ ಅದು ಗುಡುಗಿತು. ಗಂಡನೇ ಮನೆಗೆ ಬಂದಂತಾಗಿ ಅವಳ ಕಣ್ಣು ತುಂಬಿತು.

ಆದರೆ ಇಂಜಿನ್ನನ್ನು ತಣ್ಣಗಿಡುವ ನೀರು ಅದರ ಪಕ್ಕದ ತೂತಿನಿಂದ ಚಿಮ್ಮಲಿಲ್ಲ. ನೀರು ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಬೇಕು, ಇಲ್ಲವಾದರೆ ಇಂಜಿನ್ ಕಾದು ಒಳಗೇ ಕಚ್ಚಿಕೊಂಡು ಕೆಡುತ್ತದೆ ಎಂದು ಗಂಡ ಹೇಳುತ್ತಿದ್ದ. ಅವಳು ನಿಲ್ಲಿಸಿ ಕೆಳಭಾಗ ಬಿಚ್ಚಿದಳು. ತಣ್ಣೀರನ್ನು ಮೇಲಕ್ಕೆ ತಳ್ಳುವ ಪುಟ್ಟ ರಬ್ಬರ್ ಚಕ್ರದ ಎಸಳುಗಳೆಲ್ಲ ಸವೆದುಹೋಗಿದ್ದವು. ಗಂಡ ಸಾಯುವ ಮುಂಚೆಯಷ್ಟೇ ಹೊಸ ಚಕ್ರ ಹಾಕಿದ್ದ. ಇದು ಅದಲ್ಲ. ದುರ್ಗಪ್ಪ ತನ್ನನ್ನು ನೀರು ತರಲು ಕಳಿಸಿದ್ದು ಯಾಕೆಂದು ಅವಳಿಗೆ ಆಗ ತಿಳಿಯಿತು. ದುರ್ಗಪ್ಪನ ಬಿಲಕ್ಕೆ ಹೋದರೆ ಅವನೂ ಇಲ್ಲ, ಅವನ ದೋಣಿಯೂ ಇಲ್ಲ.

ನೀಲವ್ವ ದಡಕ್ಕೆ ತೇಲಿಬಂದಿದ್ದ ದಪ್ಪ ರಬ್ಬರ್ ತುಂಡೊಂದನ್ನು ಹೆಕ್ಕಿ, ಹಲ್ಲಿನಿಂದ ಕಡಿದು ಕಡಿದು ಚಕ್ರ ಮಾಡತೊಡಗಿದಳು. ಮೊದಲನೆಯದು ದೊಡ್ಡದಾಯಿತು, ಎರಡನೆಯದು ಸೀಳಿತು. ಮೂರನೆಯ ದಿನ ಮಾಡಿದ ಚಕ್ರ ಸರಿಯಾಗಿ ಕೂತಿತು. ತೂತಿನಿಂದ ನೀರು ಚಿಮ್ಮಿತು.

ಅವಳು ಇಂಜಿನ್ ಕಟ್ಟಿ ದೋಣಿಯನ್ನು ನೀರಿಗೆ ಬಿಟ್ಟಳು. ನಡುನೀರಿನಲ್ಲಿ, ಮುಳುಗಿದ ಮರದ ಕೊಂಬೆಗೆ ದೋಣಿ ಕಟ್ಟಿಕೊಂಡು ದುರ್ಗಪ್ಪ ಹಸಿದು ಕುಳಿತಿದ್ದ. ಆಚೆ ದಡದ ಏಡಿಯ ಆಸೆಗೆ ಹೊರಟವನು ಅಲ್ಲೇ ಸಿಕ್ಕಿಬಿದ್ದಿದ್ದ. ಕದ್ದ ಚಕ್ರ ಪುಡಿಯಾಗಿ ಅವನ ಇಂಜಿನ್ ಸುಟ್ಟು ಹೋಗಿತ್ತು. ಅವನು ತಲೆ ತಗ್ಗಿಸಿ ತಪ್ಪೊಪ್ಪಿಕೊಂಡ.

"ಹೊಸದಾಗಿ ಕಂಡರೂ ಅದು ಎರಡು ವರ್ಷ ಒಣಗಿತ್ತು ದುರ್ಗಪ್ಪ. ಕೇಳಿದ್ದರೆ ನಾನೇ ಹೇಳುತ್ತಿದ್ದೆ" ಎಂದು ನೀಲವ್ವ ಅವನ ದೋಣಿಯನ್ನು ತನ್ನದಕ್ಕೆ ಕಟ್ಟಿ ಎಳೆದೊಯ್ದಳು.

ಇಂಜಿನ್ ಸದ್ದು ಕೇಳಿ ಗೌರವ್ವ ಕುಂಟುತ್ತ ದಡಕ್ಕೆ ಬಂದಳು. ಅವಳ ಕಣ್ಣು ಮಂಜಾಗಿತ್ತು. ತಂಗಿಯನ್ನು ಮುಟ್ಟಿ ಮುಟ್ಟಿ ನೋಡಿ, ದೋಣಿಯ ಕಡೆ ತಿರುಗಿ ಕೇಳಿದಳು:

"ನಿನ್ನ ಗಂಡ ಯಾಕೆ ಇಳಿಯಲಿಲ್ಲ?"

"ಇಂಜಿನ್ ನಾನೇ ರಿಪೇರಿ ಮಾಡಿದೆ ಅಕ್ಕ. ದೋಣಿಯನ್ನೂ ನಾನೇ ನಡೆಸಿಕೊಂಡು ಬಂದೆ."

ಗೌರವ್ವನಿಗೆ ಅರ್ಥವಾಯಿತು. ತಂಗಿಯ ಎಣ್ಣೆ ಮೆತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತಳು.

ನೀತಿ: ಕದ್ದು ತಂದದ್ದು ನಡುನೀರಿನಲ್ಲಿ ಕೈಕೊಡುತ್ತದೆ, ತಾನೇ ಕಲಿತು ಮಾಡಿದ ಕೆಲಸ ದಡ ಮುಟ್ಟಿಸುತ್ತದೆ.