ನೀರಗಂಟಿ ನೋಡಿದ ಮುದ್ರೆಗಳು

"ಗುರುಗಳೇ, ಊರಿಗೆ ಹೊಸ ಸ್ವಾಮಿಗಳೊಬ್ಬರು ಬಂದಿದ್ದಾರೆ. ತಮ್ಮ ಗುರು, ಆ ಗುರುವಿನ ಗುರು ಎಂದು ಏಳು ತಲೆಮಾರಿನ ಹೆಸರನ್ನು ತಡವರಿಸದೆ ಹೇಳುತ್ತಾರೆ. ನಾನು ಅವರಲ್ಲಿ ದೀಕ್ಷೆ ಪಡೆಯಬಹುದೇ?"

ಮೂರು ದಿನದಿಂದ ಈ ಪ್ರಶ್ನೆ ಶಿಷ್ಯನನ್ನು ಕೂರಲೂ ಬಿಟ್ಟಿರಲಿಲ್ಲ, ನಿಲ್ಲಲೂ ಬಿಟ್ಟಿರಲಿಲ್ಲ. ಗುರುಗಳು ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನ ಕೆರೆಗೆ ಒಬ್ಬ ನೀರಗಂಟಿ ಇದ್ದ. ಮೇಲಿನವರ ಅಪ್ಪಣೆಯಿಲ್ಲದೆ ತೂಬು ತೆರೆಯುವವನಲ್ಲ. ಬೇಸಿಗೆಗೆಂದು ಕೆರೆಯಲ್ಲಿ ಉಳಿದಿದ್ದೇ ಸೊಂಟದುದ್ದ ನೀರು. ಒಂದು ದಿನ ಅಪರಿಚಿತನೊಬ್ಬ ಏದುಸಿರು ಬಿಡುತ್ತ ಬಂದು, "ತೂಬು ತೆಗೆ, ಕೆಳಗಿನ ಊರಿಗೆ ಕುಡಿಯಲು ನೀರಿಲ್ಲ" ಎಂದು ನಾಡಗೌಡನ ಓಲೆ ಚಾಚಿದ.

ನೀರಗಂಟಿ ದಡ್ಡನಲ್ಲ. ಓಲೆಯಲ್ಲಿ ತನ್ನ ಕೆರೆಯ ಹೆಸರಿದೆಯೇ ಎಂದು ನೋಡಿದ, ಇತ್ತು. ಅವಧಿ ಮೀರಿದೆಯೇ ಎಂದು ನೋಡಿದ, ಮೀರಿರಲಿಲ್ಲ. ಈ ಮುದ್ರೆ ನಾಡಗೌಡರದೇ ಎನ್ನುವುದಕ್ಕೆ ಗುರುತೇನು ಎಂದು ಕೇಳಿದ. ಬಂದವನು ಮಂತ್ರಿಯ ಓಲೆ ತೆಗೆದ. ಅದರಲ್ಲಿ ನಾಡಗೌಡನ ಮುದ್ರೆಯ ಅಚ್ಚಿತ್ತು. ಮಂತ್ರಿಯ ಮುದ್ರೆಗೆ ದೊರೆಯ ಓಲೆ ತೆಗೆದ.

"ದೊರೆಯ ಮುದ್ರೆಗೆ?"

"ದೊರೆಗಿಂತ ಮೇಲೆ ಯಾರಿದ್ದಾರೆ ಮಾರಾಯ? ತಗೋ, ಅವರ ಮುದ್ರೆಯ ಅಚ್ಚನ್ನೂ ತಂದಿದ್ದೇನೆ. ಹೋಲಿಸಿ ನೋಡು. ಬೇಗ, ಅಲ್ಲಿ ಮಕ್ಕಳು ಬಾಯಾರಿ ಬಿದ್ದಿವೆ!"

ದೊರೆಯ ಮುದ್ರೆಯ ಅಚ್ಚು ನೀರಗಂಟಿಯ ಮನೆಯಲ್ಲೇ ಇತ್ತು. ಕೆಲಸಕ್ಕೆ ಸೇರಿದ ದಿನ ಅರಮನೆಯವರು ಕೈಯಾರೆ ಕೊಟ್ಟದ್ದು. ಆದರೆ ಮನೆ ದೂರ, ಬಿಸಿಲು ಜೋರು, ಬಂದವನ ಅವಸರ ಬೇರೆ. ನೀರಗಂಟಿಯ ಜೀವ ಚಡಪಡಿಸಿತು. ಎದುರಿಗಿದ್ದ ಅಚ್ಚನ್ನೇ ದೊರೆಯ ಓಲೆಯ ಮುದ್ರೆಗೆ ಹೋಲಿಸಿದ. ಗೆರೆಗೆ ಗೆರೆ ಕೂಡಿತು. ತೂಬು ತೆರೆದ.

ಮರುದಿನ ಸಂಜೆಗೆ ಕೆರೆಯಲ್ಲಿ ಕೆಸರು ಉಳಿಯಿತು. ದನಕರುಗಳು ಬಂದು, ಮೂಸಿ, ಸುಮ್ಮನೆ ನಿಂತವು. ಕೆಳಗಿನ ಊರಿನವರು ತಮಗೆ ಒಂದು ಹನಿಯೂ ಬರಲಿಲ್ಲ ಎಂದರು. ನೀರೆಲ್ಲ ನಡುವೆ ಯಾರದೋ ಕಬ್ಬಿನ ಗದ್ದೆಗೆ ಹರಿದಿತ್ತು. ನೀರಗಂಟಿ ಎದ್ದುಬಿದ್ದು ಮನೆಗೆ ಓಡಿದ. ಪೆಟ್ಟಿಗೆ ತೆರೆದು ತನ್ನ ಅಚ್ಚನ್ನು ನೋಡಿದ. ಅದು ಬೇರೆಯೇ ಇತ್ತು. ಆ ಅಪರಿಚಿತನ ಓಲೆಗಳನ್ನೂ ಅಚ್ಚನ್ನೂ ಒತ್ತಿದ ಕೈ ಒಂದೇ, ಕೂಡದೆ ಇನ್ನೇನಾದೀತು? ಅವನು ತಲೆಯ ಮೇಲೆ ಕೈ ಹೊತ್ತು ಕೂತ.

ಗುರುಗಳು ಅಲ್ಲಿಗೆ ಕತೆ ಮುಗಿಸಿದರು. ಶಿಷ್ಯನಿಗೆ ಹೋದ ಜೀವ ಬಂದಂತಾಯಿತು.

"ತಿಳಿಯಿತು ಗುರುಗಳೇ. ಏಳು ಹೆಸರನ್ನೂ ನಾನು ಆ ಸ್ವಾಮಿಗಳ ಬಾಯಿಂದಲೇ ಕೇಳಿದ್ದು. ನಾನು ಅವರಲ್ಲಿಗೆ ಹೋಗುವುದಿಲ್ಲ. ನಿಮ್ಮ ಪಾದದ ಬಳಿಯೇ ಇರುತ್ತೇನೆ."

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ನನ್ನ ಗುರುವಿನ ಹೆಸರನ್ನು ನಿನಗೆ ಹೇಳಿದವರು ಯಾರಪ್ಪ?"